ಉಳಿದ ಕಾಫಿ ಮತ್ತೆ ಕಾಸಿ ಕುಡೀಬಹುದಾ? ಕುಪ್ಪೇಲೂರಿನ ಒಲೆಯಿಂದ ಹಾಸ್ಟೆಲಿನ ಫ್ಲಾಸ್ಕಿನವರೆಗೆ

ಬೆಳಿಗ್ಗೆ ಉಳಿದ ಕಾಫಿಯನ್ನ ಸಾಯಂಕಾಲ ಬಿಸಿ ಮಾಡ್ಕೊಂಡು ಕುಡಿದವರು ಕೈ ಎತ್ತಿ ಅಂದ್ರೆ, ನಮ್ಮ ಹಾಸ್ಟೆಲಿನಲ್ಲಿ ಎತ್ತದೇ ಇರೋ ಕೈಗಳೇ ಕಡಿಮೆ. ಮೆಸ್ಸಿನಲ್ಲಿ ಬೆಳಿಗ್ಗೆ ಏಳಕ್ಕೆ ಫ್ಲಾಸ್ಕಿಗೆ ತುಂಬಿಸ್ಕೊಂಡು ಬರೋದು, ಹನ್ನೊಂದಕ್ಕೆ ಅರ್ಧ ಕುಡಿಯೋದು, ಉಳಿದರ್ಧವನ್ನ ಲ್ಯಾಬ್ ಮುಗಿಸಿ ಬಂದ ಮೇಲೆ ಕೆಟಲ್ಲಿಗೆ ಸುರಿದು ಕುದಿಸಿ ಕುಡಿಯೋದು. ಇದು ನಮ್ಮ ದಿನಚರಿ. ಕುದಿಸಿದ ಮೇಲೆ ಇನ್ನೇನು, ಎಲ್ಲಾ ಸತ್ತು ಹೋಗುತ್ತೆ ಅನ್ನೋದು ನಮ್ಮ ನಂಬಿಕೆ.

ಹೋದ ಸೆಮಿಸ್ಟರಿನ ಎರಡನೇ ಇಂಟರ್ನಲ್ಸಿನ ಹಿಂದಿನ ದಿನ ನಮ್ಮ ರೂಮಿನ ನಾಲ್ಕು ಜನ ಹೀಗೇ ಕುಡಿದೆವು. ರಾತ್ರಿ ಎಂಟರ ಹೊತ್ತಿಗೆ ಇಬ್ಬರಿಗೆ ವಾಂತಿ ಶುರುವಾಯ್ತು. ಒಬ್ಬ ಗೆಳೆಯ ಡ್ರಿಪ್ ಹಾಕಿಸ್ಕೊಂಡು ಮಲಗಿದ, ಮರುದಿನದ ಪರೀಕ್ಷೆ ತಪ್ಪಿತು. ಡಾಕ್ಟರು ಕೇಳಿದ ಮೊದಲ ಪ್ರಶ್ನೆ, "ಮಧ್ಯಾಹ್ನದಿಂದ ಏನೇನು ತಿಂದ್ರಿ, ಏನೇನು ಕುಡಿದ್ರಿ?" ಊಟ ಎಲ್ಲರೂ ಒಂದೇ ಮಾಡಿದ್ದರು, ಬೇರೆ ಯಾರಿಗೂ ಏನೂ ಆಗಿರಲಿಲ್ಲ. ಉಳಿದದ್ದು ಆ ಫ್ಲಾಸ್ಕ್ ಮಾತ್ರ. ಅದನ್ನ ಲ್ಯಾಬಿಗೆ ಕಳಿಸಿ ಪರೀಕ್ಷೆ ಮಾಡಿಸಿದವರು ಯಾರೂ ಇಲ್ಲ, ಹಾಗಾಗಿ ಕಾಫಿಯೇ ಕಾರಣ ಅಂತ ತೀರ್ಪು ಕೊಡೋಕೆ ಆಗಲ್ಲ. ಆದರೆ ಫ್ಲಾಸ್ಕಿನ ಮುಚ್ಚಳದ ರಬ್ಬರ್ ರಿಂಗ್ ಬಿಚ್ಚಿ ನೋಡಿದಾಗ ಅಲ್ಲಿ ಕಂಡ ಹಳದಿ ಪದರ, ಅದರ ವಾಸನೆ ನಮಗೆ ಇನ್ನೂ ನೆನಪಿದೆ. ತೊಳೆಯಬೇಕಾದವರು ನಾವೇ, ತೊಳೆಯದವರೂ ನಾವೇ.

ಇದಾದ ಮೇಲೆ ರೂಮಿನಲ್ಲಿ ಎರಡು ಪಕ್ಷ ಆಯ್ತು. ಉಳಿದ ಕಾಫಿ ವಿಷ, ಚೆಲ್ಲಿಬಿಡಬೇಕು ಅನ್ನೋ ಪಕ್ಷ ಒಂದು. ನಮ್ಮ ಮನೆಯಲ್ಲಿ ಅಜ್ಜಿ ಜೀವನ ಪೂರ್ತಿ ಕಾಸಿ ಕಾಸಿ ಕುಡಿದಾರೆ, ಗಟ್ಟಿಮುಟ್ಟಾಗಿದಾರೆ ಅನ್ನೋ ಪಕ್ಷ ಇನ್ನೊಂದು. ಎರಡನೇ ಪಕ್ಷದ ಮುಖಂಡನ ಊರು ರಾಣೇಬೆನ್ನೂರು ತಾಲೂಕಿನ ಕುಪ್ಪೇಲೂರು. ರಜೆಯಲ್ಲಿ ಅವನ ಮನೆಗೇ ಹೋದೆವು. ಅಲ್ಲಿ ನೋಡಿದ್ದನ್ನ, ಬಂದ ಮೇಲೆ ಓದಿದ್ದನ್ನ, ಕೂಡಿಸಿ ಕಳೆದದ್ದನ್ನ ಇಲ್ಲಿ ಬರೀತಿದ್ದೇವೆ.

ಒಂದೇ ಅಡುಗೆಮನೆ, ಎರಡು ಪದ್ಧತಿ

ನಮ್ಮ ಹಾವೇರಿ ಸೀಮೆಯಲ್ಲಿ ಮನೆಗೆ ಬಂದವರಿಗೆ ಮೊದಲು ಕೇಳೋದು ಚಾ. ಕಾಫಿ ಏನಿದ್ದರೂ ಯಾರಾದರೂ ವಿಶೇಷವಾಗಿ ಕೇಳಿದರೆ ಇನ್‌ಸ್ಟಂಟ್ ಪುಡಿಯಲ್ಲಿ. ಆದರೆ ಗೆಳೆಯನ ಮನೆಯಲ್ಲಿ ಎರಡೂ ನಡೆಯುತ್ತೆ, ಯಾಕಂದ್ರೆ ಅವನ ಅವ್ವನ ತವರು ಸಾಗರದ ಕಡೆ. ಮದುವೆಯಾಗಿ ಬರುವಾಗ ಫಿಲ್ಟರನ್ನೂ ತಂದರಂತೆ. ಅಜ್ಜಿಯದು ಚಾದ ಪಾತ್ರೆ, ಅವ್ವನದು ಡಿಕಾಕ್ಷನ್ನಿನ ಫಿಲ್ಟರ್.

ಅಜ್ಜಿ ಚಾ ಉಳಿದರೆ ಚೆಲ್ಲೋದಿಲ್ಲ. ನಾವು ಹೋದ ದಿನ ಒಂದು ಲೋಟ ಉಳೀತು. ಸೋಸಿದ ಚಾ, ಯಾರೂ ಬಾಯಿ ಹಚ್ಚದ್ದು. ಪಾತ್ರೆ ಮುಚ್ಚಿಟ್ಟರು. ಸ್ವಲ್ಪ ಹೊತ್ತಿನಲ್ಲೇ ಹೊಲದಿಂದ ಅಜ್ಜ ಬಂದರು. ಅಜ್ಜಿ ಅದನ್ನ ಕುದಿ ಬರೋ ಹಾಗೆ ಕಾಸಿ ಕೊಟ್ಟರು. ನಾವು ಕೇಳಿದೆವು, "ಅಜ್ಜೀ, ಇದನ್ನ ಸಂಜೀತನಕ ಇಟ್ಟಿದ್ರ?"

"ಸಂಜೀತನಕ ಯಾಕ ಇಡಬೇಕಪಾ? ಉಳದದ್ದು ಅಂದ್ರ ಆಗಿಂದಾಗ ಖಾಲಿ ಆಗಬೇಕು. ಹಾಲು ಬಿದ್ದದ್ದು ಹೊತ್ತು ಕಾಯಂಗಿಲ್ಲ."

ಗೆಳೆಯನ ಲೋಟದ ತಳದಲ್ಲಿ ಎರಡು ಗುಟುಕು ಉಳಿದಿತ್ತು. ಅದನ್ನ ಪಾತ್ರೆಗೆ ವಾಪಸ್ ಸುರಿಯೋಕೆ ಹೋದ. ಅಜ್ಜಿ ಗದರಿಸಿದರು, "ಎಂಜಲಾ ಹಾಕಬ್ಯಾಡೋ ಅದರಾಗ!"

ಅವ್ವನ ಪದ್ಧತಿ ಇನ್ನೊಂದು. ಬೆಳಿಗ್ಗೆ ಇಳಿಸಿದ ಡಿಕಾಕ್ಷನ್ನಿನಲ್ಲಿ ಬೇಕಾದಷ್ಟನ್ನ ಮಾತ್ರ ಹಾಲಿಗೆ ಬೆರೆಸ್ತಾರೆ. ಉಳಿದ ಡಿಕಾಕ್ಷನ್ ಮುಚ್ಚಳದ ಜೊತೆ ಹಾಗೇ ಇರುತ್ತೆ. ಹಾಲು ಬೇರೆ ಪಾತ್ರೆಯಲ್ಲಿ, ಕಾಸಿ ಆರಿದ ಮೇಲೆ ಫ್ರಿಜ್ಜಿನಲ್ಲಿ. ಸಾಯಂಕಾಲ ಹಾಲನ್ನ ಮಾತ್ರ ಉಕ್ಕಿಸಿ, ಡಿಕಾಕ್ಷನ್ ಸೇರಿಸ್ತಾರೆ. ಡಿಕಾಕ್ಷನ್ನನ್ನ ಒಲೆಯ ಮೇಲೆ ಇಡೋದೇ ಇಲ್ಲ.

ಅಂದ್ರೆ ಗೆಳೆಯನ ವಾದದ ಅರ್ಧ ನಿಜ. ಅವರ ಮನೆಯಲ್ಲಿ ಉಳಿದದ್ದನ್ನ ಕುಡೀತಾರೆ. ಆದರೆ ನಾವು ಮಾಡಿದ್ದನ್ನ ಅವರು ಯಾರೂ ಮಾಡಲ್ಲ. ವ್ಯತ್ಯಾಸ ಇರೋದು ಮತ್ತೆ ಕಾಸೋದರಲ್ಲಿ ಅಲ್ಲ, ಮೊದಲ ಬಿಸಿಗೂ ಎರಡನೇ ಬಿಸಿಗೂ ನಡುವಿನ ಹೊತ್ತಿನಲ್ಲಿ. ಈ ಲೇಖನದಲ್ಲಿ ನಾವು ಹೇಳಬೇಕಾದದ್ದು ಇದೊಂದೇ. ಯಾಕೆ ಹಾಗೆ ಅಂತ ಒಂದೊಂದಾಗಿ ನೋಡೋಣ.

ಮತ್ತೆ ಕಾಸಿದರೆ ರುಚಿ ಯಾಕೆ ಕೆಡುತ್ತೆ?

ಮೊದಲು ಅಪಾಯವಿಲ್ಲದ ವಿಷಯ. ಕಾಫಿಯ ಘಮ ಅಂದ್ರೆ ನೂರಾರು ಬಗೆಯ, ಸುಲಭವಾಗಿ ಹಾರಿಹೋಗುವ ರಾಸಾಯನಿಕಗಳ ಮಿಶ್ರಣ. ಹಬೆಯ ಜೊತೆ ಅವು ಮೂಗಿಗೆ ಬರೋದರಿಂದಲೇ ನಮಗೆ ಘಮ ಅನ್ನಿಸೋದು. ಮೂಗಿಗೆ ಬಂದದ್ದು ಲೋಟದಿಂದ ಹೋಯ್ತು ಅಂತಲೇ ಅರ್ಥ. ಮೊದಲ ಸಲ ಬಿಸಿ ಇದ್ದಾಗಲೇ ಒಂದು ಪಾಲು ಹೋಗಿರುತ್ತೆ, ಕೆಲವು ಗಾಳಿಯ ಆಮ್ಲಜನಕದ ಜೊತೆ ಸೇರಿ ಬೇರೆಯೇ ಆಗಿರುತ್ತವೆ. ಎರಡನೇ ಸಲ ಕುದಿಸಿದಾಗ ಉಳಿದದ್ದೂ ಹೊರಡುತ್ತೆ.

ಇನ್ನೊಂದು ಕಡೆ, ಕಾಫಿ ಬೀಜದಲ್ಲಿ ಕ್ಲೋರೋಜೆನಿಕ್ ಆಮ್ಲಗಳು ಅನ್ನೋ ಗುಂಪು ಇದೆ. ಹುರಿಯುವಾಗ ಅದರ ಒಂದು ಭಾಗ ಲ್ಯಾಕ್ಟೋನ್‌ಗಳಾಗಿ ಬದಲಾಗುತ್ತೆ. ಕಾಫಿಯ ಹಿತವಾದ ಕಹಿಗೆ ಇವುಗಳ ಕೊಡುಗೆ ದೊಡ್ಡದು. ಇಳಿಸಿದ ಕಾಫಿಯನ್ನ ಹೊತ್ತುಗಟ್ಟಲೆ ಬಿಸಿಯಲ್ಲಿ ಇಟ್ಟರೆ ಲ್ಯಾಕ್ಟೋನ್‌ಗಳು ನೀರಿನ ಜೊತೆ ವರ್ತಿಸಿ ಒಡೆದು ಆಮ್ಲಗಳಾಗುತ್ತವೆ. ಕ್ವಿನಿಕ್ ಆಮ್ಲದ ಪ್ರಮಾಣವೂ ಏರುತ್ತೆ. ಹುಳಿ ಹೆಚ್ಚುತ್ತೆ, ನಾಲಿಗೆ ಒಗರಾಗುತ್ತೆ. ಹೋಟೆಲುಗಳಲ್ಲಿ ಸಣ್ಣ ಉರಿಯ ಮೇಲೆ ಗಂಟೆಗಟ್ಟಲೆ ಕೂತ ಕಾಫಿ ಕುಡಿದಾಗ ಮುಖ ಕಿವುಚೋದು ಇದಕ್ಕೇ.

ಚಾದಲ್ಲೂ ಹೆಚ್ಚೂಕಡಿಮೆ ಇದೇ ಕಥೆ. ಪುಡಿ ಸೋಸದೇ ಹಾಗೇ ಬಿಟ್ಟು ಮತ್ತೆ ಕುದಿಸಿದರೆ ಒಗರು ಕೊಡುವ ಪಾಲಿಫಿನಾಲ್‌ಗಳು ಇನ್ನಷ್ಟು ಬಿಡುತ್ತವೆ. ಅದಕ್ಕೇ ಅಜ್ಜಿ ಮೊದಲೇ ಸೋಸಿ ಇಡೋದು.

ಹಾಗಂತ ಇವು ಯಾವುವೂ ವಿಷ ಅಲ್ಲ. ಮತ್ತೆ ಕಾಸಿದ ಕಪ್ಪು ಕಾಫಿ ರುಚಿ ಕೆಟ್ಟಿರುತ್ತೆ, ಅಷ್ಟೇ. ಹಾಸ್ಟೆಲಿನಲ್ಲಿ ಓಡಾಡೋ ಇನ್ನೊಂದು ಮಾತು, ಎರಡನೇ ಸಲ ಕಾಸಿದರೆ ಕೆಫೀನ್ ಹೊರಟುಹೋಗುತ್ತೆ ಅಂತ. ಅದೂ ಸುಳ್ಳು. ಕೆಫೀನ್ ಗಟ್ಟಿ ಅಣು, ಅದು ಕರಗೋದೇ 235 ಡಿಗ್ರಿ ಸೆಲ್ಸಿಯಸ್ ಹತ್ತಿರ. ಕುದಿಯೋ ನೀರಿಗೆ ಅದು ಜಗ್ಗಲ್ಲ. ಉಲ್ಟಾ, ನೀರು ಆವಿಯಾಗಿ ಕಾಫಿ ಇಂಗಿದರೆ ಒಂದೊಂದು ಗುಟುಕಿನಲ್ಲಿ ಕೆಫೀನ್ ಜಾಸ್ತಿಯೇ ಆಗುತ್ತೆ. ದೇಹದಲ್ಲಿ ಅದರ ಅರ್ಧಾಯುಷ್ಯ ಸುಮಾರು ಐದು ಗಂಟೆ. ರಾತ್ರಿ ಹತ್ತಕ್ಕೆ, ಉಳಿದದ್ದು ತಾನೇ, ಸ್ಟ್ರಾಂಗ್ ಇರಲ್ಲ ಅಂತ ಕುಡಿದರೆ ಬೆಳಗಿನ ಜಾವ ಮೂರಕ್ಕೂ ಅದರ ಅರ್ಧ ನಿಮ್ಮ ರಕ್ತದಲ್ಲಿ ಕೂತಿರುತ್ತೆ.

ಆರೋ ಕಾಫಿ, ನ್ಯೂಟನ್ನನ ನಿಯಮ

ಈಗ ಅಪಾಯದ ಭಾಗಕ್ಕೆ ಬರೋಣ. ಮೊದಲ ವರ್ಷದಲ್ಲಿ ಗಣಿತದ ಪುಸ್ತಕದಲ್ಲಿ ನ್ಯೂಟನ್ನನ ತಂಪಾಗುವಿಕೆಯ ನಿಯಮ ಬಂದಿತ್ತು, ಪರೀಕ್ಷೆ ಮುಗಿದ ಮೇಲೆ ಮರೆತೆವು. ವಸ್ತುವಿಗೂ ಸುತ್ತಲಿನ ಗಾಳಿಗೂ ಇರೋ ಉಷ್ಣತೆಯ ಅಂತರ ಎಷ್ಟೋ, ಅದಕ್ಕೆ ತಕ್ಕ ವೇಗದಲ್ಲಿ ವಸ್ತು ಆರುತ್ತೆ. ಅಂತರ ಕಡಿಮೆ ಆದಂತೆ ಆರೋ ವೇಗವೂ ಕಡಿಮೆ.

ಲೆಕ್ಕಕ್ಕೆ ಹೀಗೆ ಹಿಡಿಯೋಣ. ಕೋಣೆ 28 ಡಿಗ್ರಿ. ಕಾಫಿ ಸುರಿದಾಗ 80 ಡಿಗ್ರಿ. ಹತ್ತು ನಿಮಿಷಕ್ಕೆ 60ಕ್ಕೆ ಇಳಿಯಿತು. ಅಂದ್ರೆ ಅಂತರ 52ರಿಂದ 32 ಆಯ್ತು. ಪ್ರತಿ ಹತ್ತು ನಿಮಿಷಕ್ಕೂ ಅಂತರ ಇದೇ ಅನುಪಾತದಲ್ಲಿ ಕುಗ್ಗುತ್ತೆ. ಇಪ್ಪತ್ತು ನಿಮಿಷಕ್ಕೆ ಸುಮಾರು 48 ಡಿಗ್ರಿ, ಅರ್ಧ ಗಂಟೆಗೆ 40, ಒಂದು ಗಂಟೆಗೆ 31. ಆಮೇಲೆ ಅದು ಕೋಣೆಯ ಉಷ್ಣತೆಯಲ್ಲೇ ಕೂತಿರುತ್ತೆ, ಎಷ್ಟು ಗಂಟೆ ಬಿಟ್ಟರೂ.

ವಿಶ್ವ ಆರೋಗ್ಯ ಸಂಸ್ಥೆಯ ಆಹಾರ ಸುರಕ್ಷತೆಯ ಐದು ಸೂತ್ರಗಳಲ್ಲಿ ಒಂದು ಉಷ್ಣತೆಯ ಬಗ್ಗೆ ಇದೆ. 5ರಿಂದ 60 ಡಿಗ್ರಿ ನಡುವಿನದು ಅಪಾಯದ ವಲಯ. ಬೇಯಿಸಿದ್ದನ್ನ ಕೋಣೆಯ ಉಷ್ಣತೆಯಲ್ಲಿ ಎರಡು ಗಂಟೆಗಿಂತ ಹೆಚ್ಚು ಬಿಡಬೇಡಿ ಅನ್ನುತ್ತೆ ಅದು. ಮೇಲಿನ ಲೆಕ್ಕದ ಪ್ರಕಾರ ನಮ್ಮ ಕಾಫಿ ಆ ವಲಯಕ್ಕೆ ಕಾಲಿಟ್ಟದ್ದು ಹತ್ತೇ ನಿಮಿಷಕ್ಕೆ. ನಾವು ಮೂಸಿ ನೋಡಿ "ಇನ್ನೂ ಬೆಚ್ಚಗೈತಿ" ಅಂತ ಸಮಾಧಾನ ಪಡೋ ಹೊತ್ತಿನಲ್ಲಿ, ಸೂಕ್ಷ್ಮಜೀವಿಗಳಿಗೂ ಅದು ಹಿತವಾಗಿ ಬೆಚ್ಚಗಿರುತ್ತೆ.

ಅನುಕೂಲ ಸಿಕ್ಕರೆ ಕೆಲವು ಬ್ಯಾಕ್ಟೀರಿಯಾಗಳು ಇಪ್ಪತ್ತು ನಿಮಿಷಕ್ಕೆ ಒಂದು ಸಲ ದ್ವಿಗುಣ ಆಗುತ್ತವೆ. ನಾಲ್ಕು ಗಂಟೆಯಲ್ಲಿ ಹನ್ನೆರಡು ಸಲ. 2ರ ಘಾತ 12, ಅಂದ್ರೆ ಒಂದು ಇದ್ದದ್ದು 4,096. ಇನ್ನೆರಡು ಗಂಟೆ ಬಿಟ್ಟರೆ ಎರಡೂವರೆ ಲಕ್ಷ ದಾಟುತ್ತೆ. ಎಲ್ಲಾ ಲೋಟದಲ್ಲೂ ಹೀಗೇ ಆಗುತ್ತೆ ಅಂತಲ್ಲ. ಆದರೆ ಈ ರೇಖೆಯ ಸ್ವಭಾವವೇ ಹಾಗೆ. ಮೊದಲು ಏನೂ ಆಗಿಲ್ಲ ಅನ್ನಿಸುತ್ತೆ, ಕೊನೆಯ ಸ್ವಲ್ಪ ಹೊತ್ತಿನಲ್ಲಿ ಎಲ್ಲಾ ಆಗಿಬಿಡುತ್ತೆ.

ಕುದಿಸಿದರೆ ಎಲ್ಲಾ ಸಾಯಲ್ವಾ?

ನಮ್ಮೆಲ್ಲರ ತಪ್ಪು ತಿಳುವಳಿಕೆ ಇಲ್ಲೇ ಇರೋದು. ಕುದಿಸಿದರೆ ಜೀವಂತ ಬ್ಯಾಕ್ಟೀರಿಯಾಗಳು ಬಹುಪಾಲು ಸಾಯುತ್ತವೆ, ಸರಿ. ಆದರೆ ಎರಡು ವಿಷಯ ನಾವು ಮರೀತೇವೆ.

ಒಂದು, ಬೀಜಾಣು. ಬ್ಯಾಸಿಲಸ್ ಸೀರಿಯಸ್ ಅನ್ನೋ ಬ್ಯಾಕ್ಟೀರಿಯಾ ಮಣ್ಣಿನಲ್ಲಿ ಎಲ್ಲೆಲ್ಲೂ ಇದೆ, ಹಾಗಾಗಿ ಹಾಲಿಗೂ ಬರುತ್ತೆ. ಕಷ್ಟ ಬಂದಾಗ ಅದು ಗಟ್ಟಿ ಕವಚದ ಬೀಜಾಣು ಆಗಿ ಕೂತುಬಿಡುತ್ತೆ. ಬೆಳಿಗ್ಗೆ ಹಾಲು ಕಾಸಿದಾಗ ಬೇರೆ ಬ್ಯಾಕ್ಟೀರಿಯಾ ಸತ್ತವು, ಇದು ಉಳೀತು. ಕಾಫಿ ಉಗುರು ಬೆಚ್ಚಗಾದಾಗ ಮೊಳೆತು ಬೆಳೆಯೋಕೆ ಶುರು ಮಾಡುತ್ತೆ, ಪೈಪೋಟಿಗೆ ಬೇರೆ ಯಾರೂ ಇಲ್ಲ.

ಎರಡು, ವಿಷ. ಇದೇ ಬ್ಯಾಕ್ಟೀರಿಯಾದ ಕೆಲವು ತಳಿಗಳು ಬೆಳೆಯುವಾಗ ಸೀರಿಯುಲೈಡ್ ಅನ್ನೋ ವಿಷ ಬಿಡುತ್ತವೆ. ಇದು ವಾಂತಿ ತರಿಸುತ್ತೆ. 121 ಡಿಗ್ರಿಯಲ್ಲಿ, ಅಂದ್ರೆ ಪ್ರೆಶರ್ ಕುಕ್ಕರಿನೊಳಗಿನ ಬಿಸಿಯಲ್ಲಿ, ಒಂದೂವರೆ ಗಂಟೆ ಇಟ್ಟರೂ ಇದು ಹಾಳಾಗಲ್ಲ. ಈ ಕಾಯಿಲೆ ಹೆಚ್ಚಾಗಿ ಹೊರಗೇ ಬಿಟ್ಟ ಅನ್ನದಿಂದ ಬರುತ್ತೆ, ಹಾಲಿನ ಪದಾರ್ಥಗಳಿಂದಲೂ ಬರಬಹುದು. ಇನ್ನೊಂದು ಬ್ಯಾಕ್ಟೀರಿಯಾ ಸ್ಟ್ಯಾಫಿಲೋಕಾಕಸ್ ಆರಿಯಸ್. ಇದರ ವಾಸ ನಮ್ಮ ಮೂಗಿನಲ್ಲಿ, ಕೈ ಚರ್ಮದ ಮೇಲೆ. ಇದು ಬಿಡೋ ವಿಷವೂ ಸಾಮಾನ್ಯ ಕುದಿತಕ್ಕೆ ಜಗ್ಗಲ್ಲ. ಎರಡರಲ್ಲೂ ಕುಡಿದ ಅರ್ಧ ಗಂಟೆಯಿಂದ ಕೆಲವೇ ಗಂಟೆಯೊಳಗೆ ವಾಂತಿ ಶುರು.

ಅಂದ್ರೆ ಎರಡನೇ ಸಲ ಕುದಿಸಿದಾಗ ನಾವು ಬ್ಯಾಕ್ಟೀರಿಯಾವನ್ನ ಕೊಂದಿರ್ತೇವೆ, ಅದು ಬಿಟ್ಟುಹೋದ ವಿಷವನ್ನ ಬಿಸಿಬಿಸಿಯಾಗಿ ಕುಡಿದಿರ್ತೇವೆ.

ಹಾಗಾದ್ರೆ ಎಲ್ಲಾ ಕಾಫಿಯೂ ಹೀಗೇನಾ? ಇಲ್ಲ. ಬರೀ ಡಿಕಾಕ್ಷನ್ ಸ್ವಲ್ಪ ಹುಳಿ, pH ಸುಮಾರು 5. ಅದರಲ್ಲಿ ಹಾಲಿನ ಸಕ್ಕರೆ, ಪ್ರೋಟೀನ್ ಇಲ್ಲ. ಬ್ಯಾಕ್ಟೀರಿಯಾಗೆ ಅಲ್ಲಿ ಊಟ ಕಡಿಮೆ. ಹಾಲು ಬೆರೆಸಿದ ಕ್ಷಣ ಹುಳಿ ತಗ್ಗುತ್ತೆ, ಲ್ಯಾಕ್ಟೋಸ್ ಬರುತ್ತೆ, ಕೇಸೀನ್ ಬರುತ್ತೆ, ಮೇಲೆ ನಾವು ಎರಡು ಚಮಚ ಸಕ್ಕರೆ ಹಾಕ್ತೇವೆ. "ಹಾಲು ಬಿದ್ದದ್ದು ಹೊತ್ತು ಕಾಯಂಗಿಲ್ಲ" ಅಂತ ಅಜ್ಜಿ ಹೇಳಿದ್ದರ ಅರ್ಥ ಇಷ್ಟೇ.

ಎಂಜಲಿನ ವಿಷಯವೂ ಹಾಗೇ. ಪಾತ್ರೆಯಲ್ಲಿ ಉಳಿದದ್ದು ಬೇರೆ, ಬಾಯಿ ಹಚ್ಚಿದ ಲೋಟದಲ್ಲಿ ಉಳಿದದ್ದು ಬೇರೆ. ಎರಡನೆಯದಕ್ಕೆ ಬಾಯಿಯ ಬ್ಯಾಕ್ಟೀರಿಯಾ ಆಗಲೇ ಬಿದ್ದಿರುತ್ತೆ. ನಾವು ಫ್ಲಾಸ್ಕಿನ ಮುಚ್ಚಳದಲ್ಲೇ ನಾಲ್ಕು ಜನ ಸರದಿ ಮೇಲೆ ಕುಡಿದು, ಉಳಿದದ್ದನ್ನ ಒಳಗೆ ಸುರಿದಿದ್ದೆವು. ಕುಪ್ಪೇಲೂರಿನ ಆ ಅಡುಗೆಮನೆಯಲ್ಲಿ ಈ ಕೆಲಸ ಯಾರಾದರೂ ಮಾಡಿದ್ದರೆ ಬೈಗುಳ ಗ್ಯಾರಂಟಿ.

ಫ್ಲಾಸ್ಕ್ ಮಾಡಿದ ಮೋಸ

ಫ್ಲಾಸ್ಕಿನಲ್ಲಿ ಬಿಸಿ ಇರುತ್ತಲ್ಲ, ಅಪಾಯ ಹೇಗೆ ಅಂತ ನೀವು ಕೇಳಬಹುದು. ನಾವೂ ಕೇಳಿದ್ದೆವು.

ಜೇಮ್ಸ್ ಡ್ಯೂವರ್ ಅನ್ನೋ ವಿಜ್ಞಾನಿ 1892ರಲ್ಲಿ ಇದನ್ನ ಮಾಡಿದ್ದು ತೀರಾ ತಣ್ಣನೆಯ ದ್ರವಗಳನ್ನ ತಣ್ಣಗೇ ಇಡೋಕೆ. ಎರಡು ಗೋಡೆಗಳ ನಡುವೆ ಗಾಳಿ ತೆಗೆದರೆ ವಹನ, ಸಂವಹನ ಎರಡೂ ಹೆಚ್ಚೂಕಡಿಮೆ ನಿಲ್ಲುತ್ತವೆ. ಗೋಡೆಗೆ ಹೊಳಪು ಕೊಟ್ಟರೆ ವಿಕಿರಣವೂ ತಗ್ಗುತ್ತೆ. ಉಳಿಯೋ ಸೋರಿಕೆಯ ದಾರಿ ಕುತ್ತಿಗೆ ಮತ್ತು ಮುಚ್ಚಳ.

ಒಳ್ಳೆ ಫ್ಲಾಸ್ಕನ್ನ ಮೊದಲು ಬಿಸಿನೀರು ಹಾಕಿ ಕಾಯಿಸಿ, ಕುದಿಯೋ ಕಾಫಿಯನ್ನ ಕುತ್ತಿಗೆವರೆಗೆ ತುಂಬಿಸಿ ಮುಚ್ಚಿದರೆ ಕೆಲವು ಗಂಟೆ 60 ಡಿಗ್ರಿಗಿಂತ ಮೇಲೇ ಇರುತ್ತೆ, ಅಪಾಯ ಇಲ್ಲ. ನಾವು ಮಾಡಿದ್ದು ಬೇರೆ. ತಣ್ಣನೆಯ ಫ್ಲಾಸ್ಕಿಗೆ ಆಗಲೇ ಅರ್ಧ ಆರಿದ ಕಾಫಿ ಸುರಿದೆವು. ಹನ್ನೊಂದಕ್ಕೆ ಮುಚ್ಚಳ ತೆಗೆದು ಅರ್ಧ ಖಾಲಿ ಮಾಡಿದೆವು. ಈಗ ಕಾಫಿ ಅರ್ಧ, ಅಂದ್ರೆ ಅದರಲ್ಲಿರೋ ಶಾಖವೂ ಅರ್ಧ. ಆದರೆ ಮುಚ್ಚಳದ ಮೂಲಕ ಸೋರೋ ಶಾಖ ಹೆಚ್ಚೂಕಡಿಮೆ ಅಷ್ಟೇ. ಹಾಗಾಗಿ ಉಳಿದರ್ಧ ಸುಮಾರು ಎರಡು ಪಟ್ಟು ಬೇಗ ಆರುತ್ತೆ.

ಇದಕ್ಕಿಂತ ದೊಡ್ಡ ತೊಂದರೆ ಆಮೇಲೆ ಬರುತ್ತೆ. ತೆರೆದ ಲೋಟವಾದರೆ 50ರಿಂದ 30 ಡಿಗ್ರಿಗೆ ಒಂದು ಗಂಟೆಯೊಳಗೆ ಇಳಿದುಬಿಡುತ್ತೆ. ಫ್ಲಾಸ್ಕ್ ಅದೇ ದಾರಿಯನ್ನ ಗಂಟೆಗಟ್ಟಲೆ ಎಳೆಯುತ್ತೆ. ಬ್ಯಾಕ್ಟೀರಿಯಾಗೆ ಬಹಳ ಇಷ್ಟವಾದ 30-40 ಡಿಗ್ರಿಯಲ್ಲಿ ಅದನ್ನ ಜೋಪಾನವಾಗಿ ಇಡುತ್ತೆ. ಬಯೋಟೆಕ್ ವಿಭಾಗದವರ ಲ್ಯಾಬಿನಲ್ಲಿ ಬ್ಯಾಕ್ಟೀರಿಯಾ ಬೆಳೆಸೋ ಇನ್‌ಕ್ಯುಬೇಟರ್ ಮಾಡೋ ಕೆಲಸವೂ ಇದೇ. ಮೊಸರು ಹೆಪ್ಪು ಹಾಕೋಕೆ ಚಳಿಗಾಲದಲ್ಲಿ ಹಾಲನ್ನ ಬೆಚ್ಚಗೆ ಮುಚ್ಚಿಡ್ತಾರಲ್ಲ, ಅದೇ ತತ್ವ. ಹೆಪ್ಪು ಹಾಕೋವಾಗ ಯಾವ ಬ್ಯಾಕ್ಟೀರಿಯಾ ಬೇಕು ಅನ್ನೋದು ಅವ್ವನ ಆಯ್ಕೆ. ಫ್ಲಾಸ್ಕಿನಲ್ಲಿ ನಮಗೆ ಆ ಆಯ್ಕೆ ಇಲ್ಲ.

ರಬ್ಬರ್ ರಿಂಗಿನ ಸಂದಿಯಲ್ಲಿ ಹಾಲಿನ ಪದರ ಉಳಿದಿದ್ದರಂತೂ ದಿನಾ ಹೊಸ ಕಾಫಿಗೆ ನಿನ್ನೆಯ ಹೆಪ್ಪು ಬೀಳುತ್ತೆ.

ಒಡೆದರೆ ಚೆಲ್ಲು, ಒಡೆಯದಿದ್ದರೆ?

ಉಳಿದ ಕಾಫಿ ಕಾಸುವಾಗ ಕೆಲವೊಮ್ಮೆ ಒಡೆದು ಚೂರುಚೂರಾಗುತ್ತೆ. ತಣ್ಣಗಿದ್ದಾಗ ಸರಿಯಾಗೇ ಕಾಣ್ತಿದ್ದದ್ದು ಬಿಸಿ ಮಾಡಿದಾಗ ಮಾತ್ರ ಯಾಕೆ ಒಡೆಯುತ್ತೆ? ಹಾಲಿನ pH ಸುಮಾರು 6.6. ಕೇಸೀನ್ ಕಣಗಳು ಒಂದನ್ನೊಂದು ದೂರ ತಳ್ತಾ ತೇಲ್ತಿರುತ್ತವೆ. ಹುಳಿ ಹೆಚ್ಚಿದಂತೆ ಈ ತಳ್ಳಾಟ ಕಡಿಮೆ ಆಗುತ್ತೆ. pH 4.6ಕ್ಕೆ ಬಂದರೆ ತಣ್ಣಗಿದ್ದರೂ ಗಟ್ಟಿಯಾಗುತ್ತೆ, ಮೊಸರಿನಲ್ಲಿ ಆಗೋದು ಅದೇ. ಬಿಸಿ ಇದ್ದಾಗ ಅಷ್ಟು ಹುಳಿ ಬೇಕಾಗಲ್ಲ, ಸ್ವಲ್ಪ ಸಾಕು. ಬ್ಯಾಕ್ಟೀರಿಯಾ ಮಾಡಿದ ಲ್ಯಾಕ್ಟಿಕ್ ಆಮ್ಲ, ಕಾಫಿಯ ಸ್ವಂತ ಹುಳಿ, ಒಲೆಯ ಬಿಸಿ ಮೂರೂ ಸೇರಿದರೆ ಒಡೆಯುತ್ತೆ. ಡೈರಿಗಳಲ್ಲಿ ಹಾಲಿನ ಸ್ಯಾಂಪಲ್ ಕುದಿಸಿ, ಒಡೆಯುತ್ತಾ ಅಂತ ನೋಡೋ ಪರೀಕ್ಷೆ ಇರೋದೂ ಇದೇ ಕಾರಣಕ್ಕೆ.

ಹಾಗಾಗಿ ಒಡೆದ ಕಾಫಿಯನ್ನ ಸೋಸಿ ಕುಡಿಯೋ ಸಾಹಸ ಬೇಡ. ಆದರೆ ಒಡೆಯದಿದ್ದರೆ ಚೆನ್ನಾಗಿದೆ ಅಂತ ಅರ್ಥವೂ ಅಲ್ಲ. ಎಲ್ಲಾ ಬ್ಯಾಕ್ಟೀರಿಯಾಗಳೂ ಹಾಲನ್ನ ಹುಳಿ ಮಾಡಲ್ಲ, ವಿಷಕ್ಕೆ ರುಚಿ ವಾಸನೆ ಇರಬೇಕು ಅಂತಿಲ್ಲ. ಮೂಸಿ ನೋಡೋದು ಹಾಳಾದದ್ದನ್ನ ಹಿಡಿಯುತ್ತೆ, ಅಪಾಯವನ್ನ ಹಿಡಿಯಲ್ಲ. ನಮ್ಮ ಆ ದಿನದ ಕಾಫಿ ಒಡೆದಿರಲಿಲ್ಲ, ರುಚಿಯೂ ಅಷ್ಟೇನೂ ಕೆಟ್ಟಿರಲಿಲ್ಲ.

ಅವ್ವನ ಲೆಕ್ಕ

ಈಗ ಅವ್ವನ ಪದ್ಧತಿಯನ್ನ ಎಂಜಿನಿಯರ್ ಕಣ್ಣಿನಲ್ಲಿ ನೋಡೋಣ. ಒಂದು ಲೋಟಕ್ಕೆ 30 ಮಿಲಿ ಡಿಕಾಕ್ಷನ್, 120 ಮಿಲಿ ಹಾಲು ಅಂತ ಇಟ್ಕೊಳ್ಳಿ. ಡಿಕಾಕ್ಷನ್ ಕೋಣೆಯ ಉಷ್ಣತೆ 28 ಡಿಗ್ರಿಯಲ್ಲಿದೆ, ಹಾಲು ಈಗಷ್ಟೇ ಉಕ್ಕಿ 95ರಲ್ಲಿದೆ. ಬೆರೆಸಿದರೆ ಎಷ್ಟು? 30ನ್ನ 28ರಿಂದ ಗುಣಿಸಿ, 120ನ್ನ 95ರಿಂದ ಗುಣಿಸಿ, ಕೂಡಿಸಿ, 150ರಿಂದ ಭಾಗಿಸಿ. ಬರೋದು ಸುಮಾರು 82 ಡಿಗ್ರಿ. ಡಿಕಾಕ್ಷನ್ ಫ್ರಿಜ್ಜಿನಿಂದ 5 ಡಿಗ್ರಿಯಲ್ಲಿ ಬಂದಿದ್ದರೂ 77 ಡಿಗ್ರಿ. ಲೋಟದ ಲೋಹ ಸ್ವಲ್ಪ ಹೀರ್ಕೊಂಡರೂ ಕುಡಿಯೋಕೆ ಬೇಕಾದದ್ದಕ್ಕಿಂತ ಹೆಚ್ಚೇ ಬಿಸಿ.

ಅಂದ್ರೆ ಡಿಕಾಕ್ಷನ್ನನ್ನ ಮತ್ತೆ ಕಾಸೋ ಅಗತ್ಯವೇ ಇಲ್ಲ. ಕಾಸದೇ ಇರೋದರಿಂದ ಘಮ ಉಳಿಯುತ್ತೆ, ಲ್ಯಾಕ್ಟೋನ್ ಒಡೆಯೋದು ಕಡಿಮೆ. ಹಾಲು ಫ್ರಿಜ್ಜಿನಲ್ಲಿ ಇದ್ದದ್ದರಿಂದ ಬ್ಯಾಕ್ಟೀರಿಯಾಗೆ ಹೊತ್ತು ಸಿಕ್ಕಿಲ್ಲ. ಬೇಗ ಕೆಡೋದನ್ನೂ ತಡೆದು ನಿಲ್ಲೋದನ್ನೂ ಬೇರೆಬೇರೆ ಇಟ್ಟು, ಕುಡಿಯೋ ಹೊತ್ತಿಗೆ ಸೇರಿಸೋದು. ನಾವು ಸಿಸ್ಟಮ್ ಡಿಸೈನ್ ಕ್ಲಾಸಿನಲ್ಲಿ ಓದೋದನ್ನ ಅವ್ವ ದಿನಾ ಎರಡು ಸಲ ಮಾಡ್ತಾರೆ. ಫ್ರಿಜ್ ಇಲ್ಲದ ದಿನಗಳಲ್ಲಿ ಹೇಗೆ ಮಾಡ್ತಿದ್ರಿ ಅಂತ ಕೇಳಿದ್ದಕ್ಕೆ, "ಹೊತ್ತೊತ್ತಿಗೆ ಹಾಲು ಕಾಸಿ ಇಡತಿದ್ವಿ, ಡಿಕಾಕ್ಷನ್ ಲೆಕ್ಕಾ ಹಾಕಿ ಇಳಸತಿದ್ವಿ" ಅಂದರು. ಡಿಕಾಕ್ಷನ್ ಬೆಚ್ಚಗೇ ಬೇಕು ಅಂದ್ರೆ ಬಿಸಿನೀರಿನ ಪಾತ್ರೆಯೊಳಗೆ ಫಿಲ್ಟರಿನ ಕೆಳಗಿನ ಭಾಗ ಇಳಿಬಿಡ್ತಾರೆ. ನೇರ ಉರಿ ತಾಗಲ್ಲ, ಸೀಯಲ್ಲ.

ಕೆಟಲ್ಲಿನಲ್ಲಿ ಹಾಲಿನ ಕಾಫಿ ಕುದಿಸೋದರ ಬಗ್ಗೆಯೂ ಒಂದು ಮಾತು. ಒಂದು ಲೋಟ ಕಾಫಿಯನ್ನ 28ರಿಂದ 80ಕ್ಕೆ ಏರಿಸೋಕೆ ಬೇಕಾದ ಶಕ್ತಿ ಸುಮಾರು 33 ಕಿಲೋಜೂಲ್, ಒಂದು ಯೂನಿಟ್ ವಿದ್ಯುತ್ತಿನ ನೂರನೇ ಒಂದು ಭಾಗವೂ ಅಲ್ಲ. 1500 ವ್ಯಾಟಿನ ಕೆಟಲ್ಲಿಗೆ ಅದು ಅರ್ಧ ನಿಮಿಷದ ಕೆಲಸ. ಆದರೆ ಅಷ್ಟೂ ಶಾಖ ತಳದ ಒಂದು ತಟ್ಟೆಯಿಂದಲೇ ಬರುತ್ತೆ. ಹಾಲಿನ ಪ್ರೋಟೀನ್ ಅಲ್ಲಿ ಅಂಟಿ ಸೀಯುತ್ತೆ, ಆ ಪದರ ಶಾಖವನ್ನ ತಡೆಯುತ್ತೆ, ತಳ ಇನ್ನಷ್ಟು ಕಾಯುತ್ತೆ. ಕೆಟಲ್ ತಾನಾಗೇ ಆಫ್ ಆಗೋದು ಹಬೆ ತಾಗಿ ಬಾಗೋ ಲೋಹದ ಪಟ್ಟಿಯಿಂದ. ಹಾಲು ಹಬೆಗಿಂತ ಮೊದಲು ನೊರೆಯಾಗಿ ಉಕ್ಕಿ ಸ್ವಿಚ್ಚಿನ ಕಡೆ ಇಳಿಯುತ್ತೆ. ಕೆಟಲ್ ನೀರಿಗೆ ಮಾತ್ರ ಇರಲಿ.

ಇನ್ನು ಎಷ್ಟು ಬಿಸಿ ಕುಡೀಬೇಕು? ಕೊತಕೊತ ಕುದಿಸಿದ್ದನ್ನ ಹಾಗೇ ಗುಟುಕರಿಸೋದು ಶೌರ್ಯ ಅಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಏಜೆನ್ಸಿ 2016ರಲ್ಲಿ, 65 ಡಿಗ್ರಿಗಿಂತ ಬಿಸಿಯಾದ ಪಾನೀಯಗಳು ಅನ್ನನಾಳದ ಕ್ಯಾನ್ಸರಿಗೆ ಬಹುಶಃ ಕಾರಣ ಆಗಬಹುದು ಅನ್ನೋ ವರ್ಗಕ್ಕೆ ಸೇರಿಸಿತು. ಕಾಫಿಯ ಮೇಲಿನ ಹಳೇ ಅನುಮಾನವನ್ನ ಆಗಲೇ ಕೈಬಿಟ್ಟಿತು. ತೊಂದರೆ ಇದ್ದದ್ದು ಬಿಸಿಯಲ್ಲಿ. ಚೆನ್ನಾಗಿ ಕಾಸಿ, ಸ್ವಲ್ಪ ಆರಲು ಬಿಟ್ಟು ಕುಡಿದರೆ ಸರಿಹೋಯ್ತು.

ಹಾಗಾದ್ರೆ ಚೆಲ್ಲಿಬಿಡೋದಾ?

ಸಂಜೆಯ ಹೊತ್ತಿಗೆ ಉಳಿದ ಹಾಲಿನ ಕಾಫಿ ಚೆಲ್ಲಿಬಿಡಿ ಅಂತ ಹೇಳೋದು ಸುಲಭ. ಆದರೆ ಅಜ್ಜಿಗೆ ಚೆಲ್ಲೋದು ಅಂದ್ರೆ ಕೈ ಬರೋದಿಲ್ಲ, ಅದಕ್ಕೆ ಕಾರಣ ಇದೆ. ಹಾಲು ಕರೆಯೋಕೆ ಬೆಳಗಿನ ಜಾವ ಏಳೋರು ಯಾರು ಅಂತ ಅವರಿಗೆ ಗೊತ್ತು. ಕಾಫಿಗೂ ಹಾಗೇ ಬೆಲೆ ಇದೆ. ನೀರಿನ ಹೆಜ್ಜೆಗುರುತಿನ ಲೆಕ್ಕ ಮಾಡಿದವರ ಪ್ರಕಾರ 125 ಮಿಲಿ ಕಾಫಿಯ ಹಿಂದೆ, ಗಿಡ ಬೆಳೆಸೋದರಿಂದ ಹಿಡಿದು, ಸುಮಾರು 130 ಲೀಟರ್ ನೀರು ಇದೆ. ಹೆಚ್ಚಿನ ಪಾಲು ತೋಟದ ಮೇಲೆ ಬಿದ್ದ ಮಳೆ. ಹಾಸ್ಟೆಲಿನ ಇಪ್ಪತ್ತು ಲೀಟರಿನ ಕ್ಯಾನಿನಲ್ಲಿ ಲೆಕ್ಕ ಹಾಕಿದರೆ ಆರೂವರೆ ಕ್ಯಾನ್. ದೇಶದ ಕಾಫಿಯಲ್ಲಿ ಸುಮಾರು 70 ಭಾಗ ಬೆಳೆಯೋದು ನಮ್ಮ ಕರ್ನಾಟಕದಲ್ಲೇ, ಚಿಕ್ಕಮಗಳೂರು, ಕೊಡಗು, ಹಾಸನದಲ್ಲಿ. ಬಾಬಾಬುಡನ್‌ಗಿರಿ, ಚಿಕ್ಕಮಗಳೂರು, ಕೊಡಗಿನ ಅರೇಬಿಕಾಗಳಿಗೆ 2019ರಲ್ಲಿ ಭೌಗೋಳಿಕ ಸೂಚಕ ಮಾನ್ಯತೆ ಸಿಕ್ಕಿದೆ, ನಮ್ಮ ಬ್ಯಾಡಗಿ ಮೆಣಸಿನಕಾಯಿಗೆ ಸಿಕ್ಕ ಹಾಗೇ. ಅದನ್ನ ಸಿಂಕಿಗೆ ಸುರಿಯೋದು ಹೆಮ್ಮೆಯ ಕೆಲಸ ಅಲ್ಲ.

ಅದಕ್ಕೇ ಉತ್ತರ ಚೆಲ್ಲೋದರಲ್ಲೂ ಇಲ್ಲ, ಹಟ ಹಿಡಿದು ಕುಡಿಯೋದರಲ್ಲೂ ಇಲ್ಲ. ಹಾಲಿನ ಕಾಫಿ ಉಳಿಯದ ಹಾಗೆ ಮಾಡ್ಕೊಳ್ಳೋದರಲ್ಲಿದೆ. ನಮ್ಮ ರೂಮಿನಲ್ಲಿ ಈಗ ನಡೀತಿರೋ ನಿಯಮಗಳು ಇವು. ಬೇಕಿದ್ದರೆ ನೀವೂ ಗೋಡೆಗೆ ಅಂಟಿಸ್ಕೊಳ್ಳಿ.

1. ಉಳಿಸೋದಿದ್ದರೆ ಡಿಕಾಕ್ಷನ್ ಉಳಿಸಿ, ಕಾಫಿ ಉಳಿಸಬೇಡಿ. ಮುಚ್ಚಿದ ಸ್ಟೀಲ್ ಅಥವಾ ಗಾಜಿನ ಪಾತ್ರೆಯಲ್ಲಿ, ಅವತ್ತಿನದು ಅವತ್ತಿಗೆ. ಫ್ರಿಜ್ ಇದ್ದರೆ ಮರುದಿನ ಬೆಳಿಗ್ಗೆವರೆಗೆ.

2. ಹಾಲು ಬೆರೆಸಿದ ಕಾಫಿ, ಚಾ ಎರಡು ಗಂಟೆಯೊಳಗೆ ಖಾಲಿಯಾಗಬೇಕು. ಅಷ್ಟರೊಳಗೆ ಬಾಯಿ ಹಚ್ಚದ್ದನ್ನ ಒಂದು ಸಲ ಕುದಿ ಬರೋ ಹಾಗೆ ಕಾಸಿ ಕುಡೀಬಹುದು. ಎರಡನೇ ಸಲ ಬೇಡ.

3. ಎಂಜಲು ಲೋಟದ್ದು ಪಾತ್ರೆಗೆ ವಾಪಸ್ ಹೋಗಬಾರದು.

4. ಫ್ಲಾಸ್ಕಿಗೆ ಮೊದಲು ಬಿಸಿನೀರು, ಆಮೇಲೆ ಕುದಿಯೋ ಕಾಫಿ, ತುಂಬಾ ತುಂಬಿಸಿ. ಸುರಿದಾಗ ಹಬೆ ಏಳದಿದ್ದರೆ ಅದನ್ನ ಮತ್ತೆ ಕುದಿಸಿ ಕುಡಿಯೋ ಯೋಚನೆ ಬಿಡಿ. ದೂರ ಹೋಗೋದಿದ್ದರೆ ಫ್ಲಾಸ್ಕಿನಲ್ಲಿ ಬರೀ ಬಿಸಿನೀರು ಒಯ್ಯಿರಿ, ಇನ್‌ಸ್ಟಂಟ್ ಪುಡಿ ಜೇಬಿನಲ್ಲಿರಲಿ.

5. ದಿನಾ ರಾತ್ರಿ ರಬ್ಬರ್ ರಿಂಗ್ ಬಿಚ್ಚಿ ಸೋಪಿನಲ್ಲಿ ತೊಳೆದು, ಮುಚ್ಚಳ ತೆಗೆದೇ ಒಣಗಿಸಿ.

6. ಒಡೆದದ್ದು, ಹುಳಿ ವಾಸನೆ ಬಂದದ್ದು, ಯಾವಾಗಿನದು ಅಂತ ಯಾರಿಗೂ ನೆನಪಿಲ್ಲದ್ದು, ಮೂರೂ ಗಿಡದ ಬುಡಕ್ಕೂ ಬೇಡ, ನೇರ ಮೋರಿಗೆ.

7. ಕುಡಿದ ಕೆಲವು ಗಂಟೆಯಲ್ಲಿ ವಾಂತಿ ಶುರುವಾದರೆ ಓಆರ್‌ಎಸ್ ಕುಡೀತಾ ಇರಿ. ನಿಲ್ಲದಿದ್ದರೆ, ತಲೆ ಸುತ್ತು ಬಂದರೆ ಪರೀಕ್ಷೆ ಇದೆ ಅಂತ ಕಾಯದೇ ಆಸ್ಪತ್ರೆಗೆ ಹೋಗಿ.

ಇನ್ನೊಂದು ಸಣ್ಣ ಬದಲಾವಣೆ ಮಾಡಿದ್ದೇವೆ. ನಾಲ್ಕು ಜನಕ್ಕೆ ಆರು ಲೋಟ ತರೋದು ನಿಲ್ಲಿಸಿ ನಾಲ್ಕೇ ತರ್ತೇವೆ. ಉಳಿಯೋದೇ ಇಲ್ಲ.

ಕುಪ್ಪೇಲೂರಿನಿಂದ ಹೊರಡೋ ದಿನ ಬಸ್ಸಿಗೆ ಹೊತ್ತಾಗಿತ್ತು. ಅಜ್ಜಿ ಚಾ ಇಟ್ಟಿದ್ದರು. ನಾವು ಅರ್ಧ ಕುಡಿದು ಎದ್ದೆವು. ಗೆಳೆಯ, "ಇರಲಿ ಬಿಡ ಅಜ್ಜೀ, ಆಮ್ಯಾಲೆ ಕಾಸಿ ಕುಡಿ" ಅಂದ. ಅಜ್ಜಿ ನಮ್ಮ ಲೋಟಗಳನ್ನ ನೋಡಿ ಬಾಗಿಲಲ್ಲೇ ನಿಂತರು.

"ನಿಮ್ಮ ಎಂಜಲಾ ನಾ ಯಾಕ ಕಾಸಲಿ? ಕುಂದರ್ರಿ, ಕುಡದ ಹೋಗ್ರಿ. ಬಸ್ಸು ಇನ್ನೊಂದು ಬರತೈತಿ."

ಕೂತು ಕುಡಿದೇ ಹೊರಟೆವು.